ಪ್ರಳಯಕ್ಕೆ ಮೂರು ಫ್ಲಾಸ್ಕ್

ಅಮೆರಿಕದ ಕಾದಂಬರಿಕಾರ ಕರ್ಟ್ ವಾನೆಗಟ್‌ನ ‘ಕ್ಯಾಟ್ಸ್ ಕ್ರೇಡಲ್’ ಈ ಸಲ ಪಠ್ಯ ಅಂದಾಗ ನಮ್ಮ ಎಂ.ಎ. ಹುಡುಗ ಹುಡುಗಿಯರಿಗೆ ಖುಷಿಯಾಗುತ್ತದೆ. ಪುಸ್ತಕ ತೆಳ್ಳಗಿದೆ. 127 ಅಧ್ಯಾಯ ಇದ್ದರೂ ಹೆಚ್ಚಿನವು ಒಂದೋ ಎರಡೋ ಪುಟ. ಇಂಗ್ಲಿಷ್ ತೊಡಕಿಲ್ಲ. ಬಸ್ಸಿನಲ್ಲಿ ಕೂತು ಓದಬಹುದು. ಜಾಸ್ತಿ ಜನ ಓದಿಕೊಂಡೇ ಬರುತ್ತಾರೆ. ಇಂಗ್ಲಿಷ್ ವಿಭಾಗದಲ್ಲಿ ಇದು ಅಪರೂಪ, ಪಾಠ ಮಾಡುವವರಿಗೆ ಗೊತ್ತು.

ತೊಂದರೆ ಶುರುವಾಗುವುದು ಆಮೇಲೆ. ಕ್ಲಾಸು ನೋಡನೋಡುತ್ತಲೇ ಹೈಸ್ಕೂಲಿನ ಚರ್ಚಾಸ್ಪರ್ಧೆ ಆಗಿಬಿಡುತ್ತದೆ. ‘ವಿಜ್ಞಾನ ವರವೋ ಶಾಪವೋ.’ ನಾವೆಲ್ಲ ಆ ವಿಷಯದ ಮೇಲೆ ಮಾತಾಡಿ ಸ್ಟೀಲ್ ಲೋಟ ಬಹುಮಾನ ತಗೊಂಡವರೇ ಅಲ್ವಾ. ಬಲಗಡೆಯವರು ಅಣುಬಾಂಬ್ ಅನ್ನುತ್ತಾರೆ. ಎಡಗಡೆಯವರು ಲಸಿಕೆ ಅನ್ನುತ್ತಾರೆ. ಇನ್ನೊಬ್ಬ ಎದ್ದು ನಿಂತು ಧರ್ಮ ಇಲ್ಲದ ವಿಜ್ಞಾನ ಕುರುಡು ಅನ್ನುವ ಅರ್ಥದ ಏನೋ ಹೇಳಿ ಕೂರುತ್ತಾನೆ. ಎಲ್ಲರೂ ತಲೆಯಾಡಿಸುತ್ತಾರೆ. ಕಾದಂಬರಿ ಮಾತ್ರ ಮೇಜಿನ ಮೇಲೆ ಮುಚ್ಚಿಕೊಂಡು ಕೂತಿರುತ್ತದೆ.

ಓದಿಲ್ಲದವರಿಗೆ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಹಿರೋಷಿಮಾ ಮೇಲೆ ಬಾಂಬ್ ಬಿದ್ದ ದಿನ ಅಮೆರಿಕದ ದೊಡ್ಡ ಮನುಷ್ಯರೆಲ್ಲ ಏನು ಮಾಡುತ್ತಿದ್ದರು ಅಂತ ಒಬ್ಬ ಲೇಖಕ ಪುಸ್ತಕ ಬರೆಯಲು ಹೊರಡುತ್ತಾನೆ. ಬಾಂಬ್ ಮಾಡಿದವರಲ್ಲಿ ಒಬ್ಬನಾದ ಫೀಲಿಕ್ಸ್ ಹೋನಿಕರ್ ಆ ದಿನ ಮನೆಯಲ್ಲಿ ದಾರ ಹಿಡಿದು ಬೆರಳಾಟ ಆಡುತ್ತಿದ್ದ. ಅವನು ಸಾಯುವ ಮುಂಚೆ ಇನ್ನೊಂದು ವಸ್ತು ಮಾಡಿಟ್ಟಿರುತ್ತಾನೆ. ಅದರ ಹೆಸರು ಐಸ್-ನೈನ್. ಮಾಮೂಲು ಕೋಣೆಯ ಬಿಸಿಯಲ್ಲೂ ಕರಗದ ಮಂಜುಗಡ್ಡೆ. ಅದರ ಒಂದು ಚೂರು ನೀರಿಗೆ ತಾಗಿದರೆ ಸಾಕು, ಆ ನೀರೂ ಹಾಗೇ ಗಟ್ಟಿಯಾಗುತ್ತದೆ. ಅದಕ್ಕೆ ತಾಗಿದ ನೀರೂ ಅಷ್ಟೇ. ಕಥೆ ಕೆರಿಬಿಯನ್ನಿನ ಸ್ಯಾನ್ ಲೊರೆಂಜೊ ಎಂಬ ಬಡ ದ್ವೀಪಕ್ಕೆ ಹೋಗುತ್ತದೆ. ದ್ವೀಪ ಕಲ್ಪಿತ. ಅಲ್ಲಿ ಬೊಕೊನನ್ ಎಂಬ ಸಂತ, ತಾನೇ ಸುಳ್ಳು ಅಂತ ಸಾರುವ ಒಂದು ಧರ್ಮ, ಆ ಧರ್ಮ ಪಾಲಿಸಿದವರಿಗೆ ಮರಣದಂಡನೆ ಕೊಡುವ ಸರ್ಕಾರ. ಕೊನೆಗೆ ಸಮುದ್ರವೇ ಹೆಪ್ಪುಗಟ್ಟುತ್ತದೆ.

ಐಸ್-ನೈನ್ ಯಾಕೆ ಬೇಕಾಯಿತು ಅನ್ನುವುದು ನನಗೆ ಇಡೀ ಪುಸ್ತಕದ ಅತ್ಯುತ್ತಮ ಜೋಕು. ಒಬ್ಬ ಸೇನಾ ಜನರಲ್‌ಗೆ ಕೆಸರು ಸಾಕಾಗಿಹೋಗಿರುತ್ತದೆ. ಅವನ ಸೈನಿಕರು ಕೆಸರಿನಲ್ಲಿ ಹೂತುಕೊಳ್ಳುತ್ತಿರುತ್ತಾರೆ. ಕೆಸರು ಗಟ್ಟಿಯಾಗುವ ಹಾಗೆ ಏನಾದರೂ ಮಾಡಿಕೊಡಿ ಅನ್ನುತ್ತಾನೆ. ಅಷ್ಟೇ. ಮಳೆಗಾಲದ ನಮ್ಮ ರಸ್ತೆಗಳನ್ನು ನೋಡಿದವರಿಗೆ ಜನರಲ್ ಮೇಲೆ ಸ್ವಲ್ಪ ಸಹಾನುಭೂತಿ ಬಂದರೂ ಬರಬಹುದು.

ಇದೆಲ್ಲ ಗಾಳಿಯಲ್ಲಿ ಹುಟ್ಟಿದ್ದಲ್ಲ. ವಾನೆಗಟ್ ಎರಡನೇ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸೆರೆಸಿಕ್ಕು, 1945ರ ಫೆಬ್ರವರಿಯಲ್ಲಿ ಡ್ರೆಸ್ಡನ್ ನಗರ ಬಾಂಬ್ ದಾಳಿಗೆ ಸುಟ್ಟುಹೋದಾಗ ನೆಲದಡಿಯ ಮಾಂಸದ ಉಗ್ರಾಣದಲ್ಲಿದ್ದು ಬದುಕಿದವನು. ಯುದ್ಧ ಮುಗಿದ ಮೇಲೆ 1947ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಚಾರ ವಿಭಾಗಕ್ಕೆ ಸೇರಿದ. ವಿಜ್ಞಾನಿಗಳ ಹತ್ತಿರ ಹೋಗಿ ಏನು ಮಾಡ್ತಿದ್ದೀರಿ ಅಂತ ಕೇಳಿ ಪತ್ರಿಕೆಗಳಿಗೆ ಸುದ್ದಿ ಮಾಡಿಕೊಡುವ ಕೆಲಸ. ಅಲ್ಲಿನ ದೊಡ್ಡ ಹೆಸರು ಇರ್ವಿಂಗ್ ಲ್ಯಾಂಗ್‌ಮ್ಯೂರ್, 1932ರ ರಸಾಯನಶಾಸ್ತ್ರ ನೊಬೆಲ್ ಪಡೆದವರು. ಎಚ್.ಜಿ. ವೆಲ್ಸ್ ಆ ಪ್ರಯೋಗಾಲಯ ನೋಡಲು ಬಂದಿದ್ದಾಗ, ಬಿಸಿಯಲ್ಲೂ ಕರಗದ ಮಂಜುಗಡ್ಡೆಯ ಬಗ್ಗೆ ಕಥೆ ಬರೆಯಿರಿ ಅಂತ ಲ್ಯಾಂಗ್‌ಮ್ಯೂರ್ ಸೂಚಿಸಿದ್ದರಂತೆ. ವೆಲ್ಸ್‌ಗೆ ಅದು ಹಿಡಿಸಲಿಲ್ಲ. ಇಬ್ಬರೂ ತೀರಿಕೊಂಡ ಮೇಲೆ ವಾನೆಗಟ್ ಅದನ್ನು ಎತ್ತಿಕೊಂಡ. ಹೋನಿಕರ್‌ನಲ್ಲಿ ಲ್ಯಾಂಗ್‌ಮ್ಯೂರ್ ಛಾಯೆ ಇದೆ ಅಂತ ಅವನೇ ಹೇಳಿಕೊಂಡಿದ್ದಾನೆ. ಯೋಚನೆಯಲ್ಲಿ ಮುಳುಗಿ, ಬೆಳಗಿನ ತಿಂಡಿ ತಿಂದು, ತಟ್ಟೆ ಪಕ್ಕ ಹೆಂಡತಿಗೇ ಟಿಪ್ಸ್ ಇಟ್ಟು ಎದ್ದುಹೋಗುವ ಮನುಷ್ಯ.

ಅದೇ ಪ್ರಯೋಗಾಲಯದಲ್ಲಿ ವಾನೆಗಟ್‌ನ ಅಣ್ಣ ಬರ್ನಾರ್ಡ್ ಕೂಡ ವಿಜ್ಞಾನಿ. 1946ರಲ್ಲಿ ಸಿಲ್ವರ್ ಅಯೋಡೈಡ್ ಬಳಸಿ ಮೋಡದಲ್ಲಿ ಹಿಮದ ಹರಳು ಕಟ್ಟಿಸಬಹುದು ಅಂತ ಕಂಡುಹಿಡಿದವರು ಅವರೇ. ಅದು ಕೆಲಸ ಮಾಡುವುದಕ್ಕೆ ಕಾರಣ, ಸಿಲ್ವರ್ ಅಯೋಡೈಡಿನ ಹರಳಿನ ಜೋಡಣೆ ಮಂಜುಗಡ್ಡೆಯ ಜೋಡಣೆಗೆ ತುಂಬ ಹತ್ತಿರ ಇದೆ. ತಣ್ಣಗಾಗಿದ್ದೂ ಹೆಪ್ಪುಗಟ್ಟದೆ ಉಳಿದ ಹನಿಗಳು ಆ ಜೋಡಣೆಯನ್ನೇ ಅಚ್ಚಾಗಿ ಹಿಡಿದುಕೊಂಡು ಗಟ್ಟಿಯಾಗುತ್ತವೆ. ಅಂದರೆ ಐಸ್-ನೈನ್ ಹೇಗೆ ಹರಡುತ್ತದೋ ಅದರ ನಿರುಪದ್ರವಿ ರೂಪ ಅಣ್ಣನ ಮೇಜಿನ ಮೇಲೆ ಇತ್ತು. ಪೂರ್ತಿ ನಿರುಪದ್ರವಿ ಅನ್ನಲೂ ಆಗುವುದಿಲ್ಲ. 1947ರ ಅಕ್ಟೋಬರಿನಲ್ಲಿ ಲ್ಯಾಂಗ್‌ಮ್ಯೂರ್ ತಂಡ ಸೇನೆಯ ಜೊತೆ ಸೇರಿ ಸಮುದ್ರದ ಮೇಲಿದ್ದ ಒಂದು ಚಂಡಮಾರುತಕ್ಕೆ ಡ್ರೈ ಐಸ್, ಅಂದರೆ ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್, ಸುರಿಯಿತು. ಚಂಡಮಾರುತ ದಿಕ್ಕು ಬದಲಿಸಿ ಜಾರ್ಜಿಯಾ ತೀರಕ್ಕೆ ಬಡಿಯಿತು. ಅದು ತನ್ನಷ್ಟಕ್ಕೆ ತಾನೇ ತಿರುಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಬೈಗುಳ ಬಿದ್ದಾಗಿತ್ತು.

ಈ ಭಾಗ ಹೇಳುವಾಗ ಕ್ಲಾಸು ಎಚ್ಚರವಾಗುತ್ತದೆ. ಮೋಡ ಬಿತ್ತನೆ ನಮಗೆ ಹೊಸದಲ್ಲವಲ್ಲ. 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರೆ’ ಅಂತ ನಮ್ಮ ಸರ್ಕಾರಗಳು ವಿಮಾನ ಹಾರಿಸಿ ಇದನ್ನು ಮಾಡಿಸಿವೆ. 2019ರಲ್ಲಿ ಮೋಡ ಬಿತ್ತನೆಯೂ ನಡೆಯಿತು, ದೇವಸ್ಥಾನಗಳಲ್ಲಿ ಪರ್ಜನ್ಯ ಜಪ ಮಾಡಿಸಿ ಅಂತ ಮುಜರಾಯಿ ಇಲಾಖೆಯ ಸುತ್ತೋಲೆಯೂ ಬಂತು. ಒಂದೇ ರಾಜ್ಯ, ಒಂದೇ ಮಳೆಗಾಲ. ಒಬ್ಬ ಹುಡುಗ, ‘ಮಳೆ ಬಂದಿದ್ರೆ ಬಿಲ್ ಯಾರ ಹೆಸರಿಗೆ ಮೇಡಂ?’ ಅಂದ. ವಾನೆಗಟ್ ಓದಿದ ಫಲ ಅಂದುಕೊಂಡೆ.

ಐಸ್-ನೈನ್ ಹರಡುವ ಬಗೆಯನ್ನು ಅರ್ಥಮಾಡಿಸುವುದು ಕಷ್ಟವೇ ಅಲ್ಲ. ‘ಹಾಲಿಗೆ ಹೆಪ್ಪು ಹಾಕಿದ ಹಾಗೆ’ ಅಂತ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರನ್ನು ಒಂದು ಪೀರಿಯಡ್‌ಗೆ ಕರೆದಿದ್ದೆ. ಅವರು ಹೆಪ್ಪನ್ನು ಒಪ್ಪಲಿಲ್ಲ. ಮೊಸರಿನಲ್ಲಿ ಇರುವುದು ಜೀವ, ಅದು ಬೆಳೆಯುತ್ತೆ, ಇಲ್ಲಿ ಜೀವ ಇಲ್ಲ, ಬರೀ ಜೋಡಣೆ ಅಂದರು. ಕಲ್ಲುಸಕ್ಕರೆ ಮಾಡುವಾಗ ಪಾಕದಲ್ಲಿ ಇಳಿಬಿಟ್ಟ ದಾರಕ್ಕೆ ಹರಳು ಕಟ್ಟುತ್ತಲ್ಲ, ಅದನ್ನು ನೆನೆಸಿಕೊಳ್ಳಿ ಅಂದರು. ಆಮೇಲೆ ಒಂದು ನಿಜವಾದ ಕಥೆ ಹೇಳಿದರು. ಎಚ್‌ಐವಿಗೆ ಕೊಡುವ ರಿಟೊನವಿರ್ ಎಂಬ ಔಷಧ 1996ರಲ್ಲಿ ಮಾರುಕಟ್ಟೆಗೆ ಬಂತು. 1998ರಲ್ಲಿ ಅದೇ ಔಷಧ ಇದ್ದಕ್ಕಿದ್ದಂತೆ ಬೇರೆ ಥರ ಹರಳು ಕಟ್ಟತೊಡಗಿತು. ಅಣು ಅದೇ, ಜೋಡಣೆ ಬೇರೆ. ಹೊಸ ಹರಳು ಸರಿಯಾಗಿ ಕರಗುವುದಿಲ್ಲ, ಅಂದರೆ ಮೈಗೆ ಹತ್ತುವುದಿಲ್ಲ. ಅದು ಒಮ್ಮೆ ಕಾಲಿಟ್ಟ ಪ್ರಯೋಗಾಲಯದಲ್ಲಿ ಹಳೆಯ ಹರಳು ಮಾಡುವುದೇ ಕಷ್ಟವಾಯಿತು. ಕ್ಯಾಪ್ಸೂಲ್‌ಗಳನ್ನು ವಾಪಸ್ ತಗೋಬೇಕಾಯಿತು. ಕ್ಲಾಸಿನಲ್ಲಿ ಸದ್ದಿಲ್ಲ.

ಕಾದಂಬರಿಯ ಐಸ್-ನೈನ್ ಕರಗುವುದು 114.4 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ. ನಮ್ಮ ಲೆಕ್ಕದಲ್ಲಿ 45.8 ಡಿಗ್ರಿ ಸೆಲ್ಸಿಯಸ್. ಇದನ್ನು ಬೋರ್ಡಿನ ಮೇಲೆ ಬರೆದಾಗ ರಾಯಚೂರಿನ ಹುಡುಗಿಯೊಬ್ಬಳು, ‘ಹಂಗಾರ ನಮ್ಮೂರು ಉಳೀತದ ಬಿಡ್ರಿ ಮೇಡಂ’ ಅಂದಳು. ಇಡೀ ಕ್ಲಾಸು ನಕ್ಕಿತು. ಮೇ ತಿಂಗಳು ಮುಗಿದ ಮೇಲೆ ಏನು ಮಾಡ್ತೀಯಮ್ಮ ಅಂತ ಪಕ್ಕದವಳು ಕೇಳಿದಳು. ನಿಜವಾದ ಐಸ್ ನೈನ್ ಅಂತಲೂ ಒಂದಿದೆ. 1968ರಲ್ಲಿ ಕಂಡುಹಿಡಿದದ್ದು. ಭಾರಿ ಒತ್ತಡ, ಭಾರಿ ಚಳಿ ಇಲ್ಲದೆ ಅದು ಉಳಿಯುವುದಿಲ್ಲ. ಹೆಸರು ಬಿಟ್ಟರೆ ಕಾದಂಬರಿಗೂ ಅದಕ್ಕೂ ಸಂಬಂಧವಿಲ್ಲ.

ಸರಿ, ಚರ್ಚಾಸ್ಪರ್ಧೆಗೆ ವಾಪಸ್ ಬರೋಣ. ಅಲ್ಲಿ ತಪ್ಪದೆ ಬರುವ ವಿಷಯ ಎರಡು. ಒಂದು, ಇಸ್ರೋದವರು ಉಡಾವಣೆಗೆ ಮುಂಚೆ ರಾಕೆಟ್ಟಿನ ಮಾದರಿ ಹಿಡಿದು ತಿರುಪತಿಗೆ ಹೋಗುವುದು. ಇನ್ನೊಂದು, ಅಣುಬಾಂಬ್ ಮಾಡಿದ ತಂಡದ ಮುಖ್ಯಸ್ಥ ಓಪನ್‌ಹೈಮರ್ ಮತ್ತು ಭಗವದ್ಗೀತೆ. ‘ಓಪನ್‌ಹೈಮರ್’ ಸಿನಿಮಾ ಬಂದ ಮೇಲಂತೂ ಎರಡನೆಯದು ಮೊದಲು ಬರುತ್ತದೆ. ಹನ್ನೊಂದನೇ ಅಧ್ಯಾಯದ ಶ್ಲೋಕವನ್ನು ಬಾಯಿಪಾಠ ಹೇಳುವವರೂ ಇದ್ದಾರೆ. ಹೇಳಿದವರ ಮುಖದಲ್ಲಿ ಒಂದು ಹೆಮ್ಮೆ. ಬಾಂಬ್ ಹಾಕಿದವರು ನಮ್ಮ ಶ್ಲೋಕ ಹೇಳಿದರು ಅನ್ನುವುದರಲ್ಲಿ ಹೆಮ್ಮೆಪಡಲು ಏನಿದೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಇದಕ್ಕಿಂತ ಉಪಯೋಗದ್ದು ಅದೇ ಓಪನ್‌ಹೈಮರ್ 1947ರಲ್ಲಿ ಆಡಿದ ಇನ್ನೊಂದು ಮಾತು. ಭೌತವಿಜ್ಞಾನಿಗಳಿಗೆ ಈಗ ಪಾಪದ ಪರಿಚಯವಾಗಿದೆ ಅನ್ನುವ ಅರ್ಥದ್ದು. ಕಾದಂಬರಿಯಲ್ಲಿ ಯಾರೋ ಒಬ್ಬ ಹೋನಿಕರ್‌ಗೆ ಇದೇ ಧಾಟಿಯ ಮಾತು ಹೇಳುತ್ತಾನೆ. ಹೋನಿಕರ್ ತಿರುಗಿ ಕೇಳುತ್ತಾನೆ, ಪಾಪ ಅಂದರೇನು ಅಂತ. ವ್ಯಂಗ್ಯಕ್ಕಲ್ಲ. ಅವನಿಗೆ ನಿಜವಾಗಿ ಗೊತ್ತಿಲ್ಲ. ಆಮೆ ತಲೆ ಒಳಗೆ ಎಳೆದುಕೊಂಡಾಗ ಅದರ ಬೆನ್ನುಮೂಳೆ ಬಾಗುತ್ತದೋ ಕುಗ್ಗುತ್ತದೋ ಅಂತ ಕೇಳುವ ಅದೇ ಮುಗ್ಧ ಕುತೂಹಲದಲ್ಲಿ ಇದನ್ನೂ ಕೇಳುತ್ತಾನೆ. ನಮ್ಮಲ್ಲಿ ವಿಜ್ಞಾನಿ ಅಂದರೆ ಪ್ರಶ್ನೆ ಕೇಳುವವನು ಅಂತ ಹೇಳಿಕೊಟ್ಟಿದ್ದಾರೆ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರಲ್ಲ, ಆ ಪರಂಪರೆ. ಅವರೂ ಭೌತವಿಜ್ಞಾನದವರೇ. ಆದರೆ ಅವರ ಪ್ರಶ್ನೆಗಳು ಪ್ರಯೋಗಾಲಯದ ಬಾಗಿಲು ದಾಟಿ ಬೀದಿಗೆ ಬರುತ್ತಿದ್ದವು. ಹೋನಿಕರ್‌ನ ಪ್ರಶ್ನೆಗಳು ಬಾಗಿಲಲ್ಲೇ ನಿಲ್ಲುತ್ತವೆ. ಅವನನ್ನು ಇಡೀ ವಿಜ್ಞಾನದ ಪ್ರತಿನಿಧಿ ಮಾಡಿ ಬೈಯುವುದು ಅನ್ಯಾಯ, ಆ ಪ್ರಯೋಗಾಲಯದಲ್ಲೇ ಕೆಲಸ ಮಾಡಿದ ಅಣ್ಣನನ್ನು ಪ್ರೀತಿಸುತ್ತಿದ್ದ ವಾನೆಗಟ್‌ಗೂ ಅದು ಬೇಕಿರಲಿಲ್ಲ ಅನಿಸುತ್ತದೆ.

ನಾನು ಈಗ ಕ್ಲಾಸಿನಲ್ಲಿ ಚರ್ಚೆಗೆ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಹೋನಿಕರ್‌ನನ್ನು ಪಕ್ಕಕ್ಕಿಟ್ಟು ಅವನ ಮಕ್ಕಳ ಕಡೆ ಬರುತ್ತೇನೆ. ಪುಸ್ತಕದ ಜೀವ ಇರುವುದು ಅಲ್ಲಿ. ತುಂಬ ಜನ ಓದುವಾಗ ಗಮನಿಸದೆ ದಾಟಿಹೋಗುವುದೂ ಅಲ್ಲೇ.

ಅಪ್ಪ ಕ್ರಿಸ್‌ಮಸ್ ಹಿಂದಿನ ದಿನ ಕುರ್ಚಿಯಲ್ಲಿ ಕೂತಲ್ಲೇ ಸತ್ತಿರುತ್ತಾನೆ. ಅಡುಗೆಮನೆಯಲ್ಲಿ ಅವನು ಆಟವಾಡಿಕೊಂಡು ಬಿಟ್ಟ ಐಸ್-ನೈನ್ ಪಾತ್ರೆಗಳಲ್ಲಿದೆ. ನಾಯಿಯೊಂದು ನೆಕ್ಕಿ ಕಲ್ಲಾಗಿದೆ. ಮೂರು ಮಕ್ಕಳು ಅದನ್ನು ಒಡೆದು ಹಂಚಿಕೊಂಡು ಥರ್ಮಾಸ್ ಫ್ಲಾಸ್ಕುಗಳಲ್ಲಿ ತುಂಬಿಕೊಳ್ಳುತ್ತಾರೆ. ಇದು ಸರಿಯಾ ತಪ್ಪಾ ಅನ್ನುವ ಮಾತೇ ಅವರ ನಡುವೆ ಬರುವುದಿಲ್ಲ. ಅಪ್ಪನ ಆಸ್ತಿ, ಮೂರು ಪಾಲು. ಆಸ್ತಿ ಪಾಲಿನ ಜಗಳ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇಷ್ಟು ಶಾಂತವಾದ ಪಾಲು ಆಶ್ಚರ್ಯ ಹುಟ್ಟಿಸುತ್ತದೆ.

ಆಮೇಲೆ ಪಾಲು ಏನಾಯಿತು? ದೊಡ್ಡವಳು ಆಂಜೆಲಾ. ಆರಡಿ ಎತ್ತರ, ನೋಡಲು ಸಾಧಾರಣ. ತಾಯಿ ಸತ್ತ ಮೇಲೆ ಹೈಸ್ಕೂಲು ಬಿಡಿಸಿ ಮನೆ ನೋಡಿಕೊಳ್ಳಲು ಕೂರಿಸಿದ್ದರು. ಅಪ್ಪನಿಗೆ ಅಡುಗೆ, ತಮ್ಮಂದಿರಿಗೆ ಸ್ನಾನ. ಅವಳಿಗೆ ಒಬ್ಬ ಸುಂದರ ಗಂಡ ಸಿಕ್ಕ. ಯಾಕೆ ಸಿಕ್ಕ ಅನ್ನುವುದು ಫ್ಲಾಸ್ಕಿಗೆ ಗೊತ್ತು. ಅಲ್ಲಿಂದ ಅದು ಅಮೆರಿಕ ಸರ್ಕಾರಕ್ಕೆ ಹೋಯಿತು. ನಡುವಿನವನು ಫ್ರಾಂಕ್. ಅವನನ್ನು ಯಾರೂ ಮಾತಾಡಿಸುತ್ತಿರಲಿಲ್ಲ, ಮಾದರಿ ರೈಲು ಮಾದರಿ ಊರು ಕಟ್ಟಿಕೊಂಡಿರುತ್ತಿದ್ದ. ಅವನು ತನ್ನ ಪಾಲು ಕೊಟ್ಟು ಸ್ಯಾನ್ ಲೊರೆಂಜೊದಲ್ಲಿ ವಿಜ್ಞಾನ ಮತ್ತು ಪ್ರಗತಿಯ ಮಂತ್ರಿಯಾದ. ಕುಳ್ಳ ನ್ಯೂಟ್‌ಗೆ ಉಕ್ರೇನಿನ ನರ್ತಕಿಯ ಜೊತೆ ಒಂದು ವಾರ ಸಿಕ್ಕಿತು. ಅವಳು ಸೋವಿಯತ್ ಗೂಢಚಾರಿಣಿ.

ಒಬ್ಬಳಿಗೆ ಮದುವೆ, ಒಬ್ಬನಿಗೆ ಕೆಲಸ, ಒಬ್ಬನಿಗೆ ಒಂದು ವಾರದ ಪ್ರೀತಿ. ಲೋಕ ಹಾಳಾದದ್ದು ಇದಕ್ಕೆ. ನನ್ನ ಕ್ಲಾಸಿನವರು ಹೋನಿಕರ್‌ನನ್ನು ಸಲೀಸಾಗಿ ಬೈಯುತ್ತಾರೆ. ಆಂಜೆಲಾಳನ್ನು ಬೈಯಲು ಬಾಯಿ ಬರುವುದಿಲ್ಲ. ಹುಡುಗಿಯರಿಗಂತೂ ಅವಳು ಯಾರು ಅಂತ ಚೆನ್ನಾಗಿ ಗೊತ್ತು. ತಮ್ಮಂದಿರ ಓದಿಗಾಗಿ ಸ್ಕೂಲು ಬಿಟ್ಟ ಅಕ್ಕಂದಿರು ಎಷ್ಟು ಮನೆಗಳಲ್ಲಿಲ್ಲ. ಒಬ್ಬಳು ಹೇಳಿದಳು: ‘ಮೇಡಂ, ಅವಳ ಹತ್ರ ಕೊಡೋದಕ್ಕೆ ಬೇರೆ ಏನಿತ್ತು?’ ವಿಜ್ಞಾನ ವರವೋ ಶಾಪವೋ ಅನ್ನುವ ಪ್ರಶ್ನೆಗೆ ಸಿಗದ ಬಿಗಿ ಈ ಪ್ರಶ್ನೆಗೆ ಇತ್ತು. ಅವಳ ಮೇಲೆ ಕರುಣೆ ಇಟ್ಟುಕೊಂಡೇ ಅವಳು ಮಾಡಿದ್ದನ್ನು ಮೂರ್ಖತನ ಅನ್ನಬಹುದಾ? ವಾನೆಗಟ್ ಎರಡನ್ನೂ ಒಟ್ಟಿಗೆ ಮಾಡುತ್ತಾನೆ, ನಮಗೆ ಅದು ಬರುವುದಿಲ್ಲ. ನಾವು ವಿಡಂಬನೆ ಅಂದರೆ ಮೇಲೆ ನಿಂತು ಕೆಳಗಿನವರನ್ನು ನೋಡಿ ನಗುವುದು ಅಂದುಕೊಂಡಿದ್ದೇವೆ.

ಬೊಕೊನನ್ ಭಾಗದಲ್ಲಿ ಬೇರೆ ಥರದ ಗಲಾಟೆ. ಅವನ ಧರ್ಮದ ಮುಖ್ಯ ಆಚರಣೆ ಇಬ್ಬರು ಎದುರುಬದುರು ಕೂತು ಬರಿಗಾಲಿನ ಅಂಗಾಲಿಗೆ ಅಂಗಾಲು ಒತ್ತಿಕೊಳ್ಳುವುದು. ಹಾಗೆ ಮಾಡಿದರೆ ಇಬ್ಬರ ಆತ್ಮ ಬೆರೆಯುತ್ತದೆ, ದ್ವೇಷ ಉಳಿಯುವುದಿಲ್ಲ ಅಂತ. ಅಮೆರಿಕದ ಓದುಗರಿಗೆ ಇದು ಬರೀ ತಮಾಷೆ, ಸ್ವಲ್ಪ ಶೃಂಗಾರ. ನಮ್ಮಲ್ಲಿ ಬಸ್ಸಿನಲ್ಲಿ ಯಾರಿಗಾದರೂ ಕಾಲು ತಾಗಿದರೆ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಪುಸ್ತಕಕ್ಕೆ ಕಾಲು ತಾಗಿದರೂ ಅಷ್ಟೇ. ಕಾಲು ಮುಟ್ಟುವುದು ಅಂದರೆ ಒಬ್ಬರು ಬಾಗುವುದು, ಇನ್ನೊಬ್ಬರು ನಿಂತಿರುವುದು. ಇಲ್ಲಿ ಇಬ್ಬರೂ ಕೂತಿದ್ದಾರೆ, ಇಬ್ಬರದೂ ಕಾಲೇ. ಹಿಂದಿನ ಬೆಂಚಿನ ಒಬ್ಬ ಹುಡುಗ, ಸಾಮಾನ್ಯವಾಗಿ ಮಾತಾಡದವನು, ‘ಇದರಲ್ಲಿ ಯಾರೂ ಮೇಲೆ ಇಲ್ಲ’ ಅಂದ. ಆ ಅಧ್ಯಾಯದ ಬಗ್ಗೆ ಇಷ್ಟು ಒಳ್ಳೆಯ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ.

ಆ ಧರ್ಮ ಹುಟ್ಟಿದ್ದು ಹೀಗೆ. ಬೊಕೊನನ್ ಮತ್ತು ಮಕೇಬ್ ಎಂಬ ಇಬ್ಬರು ದ್ವೀಪಕ್ಕೆ ಬಂದು ಅದನ್ನು ಸುಧಾರಿಸಲು ನೋಡುತ್ತಾರೆ. ಆಗುವುದಿಲ್ಲ. ಬಡತನ ಹೋಗದಿದ್ದರೆ ಬೇಡ, ಜನರಿಗೆ ಒಂದು ಒಳ್ಳೆಯ ನಾಟಕವಾದರೂ ಇರಲಿ ಅಂತ ಒಬ್ಬ ಊರಿನ ಕ್ರೂರ ದೊರೆಯಾಗುತ್ತಾನೆ, ಇನ್ನೊಬ್ಬ ಕಾಡಿನ ಸಂತನಾಗುತ್ತಾನೆ. ಧರ್ಮಕ್ಕೆ ರುಚಿ ಬರಲಿ ಅಂತ ನಿಷೇಧ. ವೇಷ ಹಾಕಿಕೊಂಡ ಇಬ್ಬರಿಗೂ ಕೊನೆಗೆ ಬುದ್ಧಿ ಕೆಡುತ್ತದೆ. ಸುಳ್ಳು ಅಂತ ಗೊತ್ತಿದ್ದೂ ಜನ ಯಾಕೆ ನಂಬುತ್ತಾರೆ ಅಂತ ಕ್ಲಾಸಿನವರು ಕೇಳುತ್ತಾರೆ. ಉತ್ತರ ಕಷ್ಟ. ನಾನು ಅಲ್ಲಿ ಆಸ್ಪತ್ರೆಯ ವೈದ್ಯನನ್ನು ತೋರಿಸುತ್ತೇನೆ. ಅವನು ಹಿಂದೆ ಆಶ್‌ವಿಟ್ಸ್ ಎಂಬ ಸಾವಿನ ಶಿಬಿರದಲ್ಲಿ ನಾಜಿ ವೈದ್ಯನಾಗಿದ್ದವನು. ಈಗ ದ್ವೀಪದ ಬಡವರಿಗೆ ಚಿಕಿತ್ಸೆ ಕೊಡುತ್ತಾನೆ. ಇದೇ ವೇಗದಲ್ಲಿ ಹೋದರೆ ಅವನು ಉಳಿಸಿದ ಜೀವಗಳು ಸಾಯಲು ಬಿಟ್ಟ ಜೀವಗಳಿಗೆ ಸಮವಾಗುವುದು 3010ನೇ ಇಸವಿಯಲ್ಲಿ ಅಂತ ಕಾದಂಬರಿ ಲೆಕ್ಕ ಹಾಕುತ್ತದೆ. ಸಾಯುತ್ತಿರುವ ಒಬ್ಬನಿಗೆ ಅವನೇ ಕಾಲಿಗೆ ಕಾಲು ಒತ್ತಿ ಬೊಕೊನನ್ ವಿಧಿ ಮಾಡುತ್ತಾನೆ. ನಾನು ಕೆಟ್ಟ ವಿಜ್ಞಾನಿ, ರೋಗಿಗೆ ಸಮಾಧಾನ ಸಿಗುವುದಾದರೆ ಅವೈಜ್ಞಾನಿಕವಾದದ್ದನ್ನೂ ಮಾಡುತ್ತೇನೆ ಅನ್ನುತ್ತಾನೆ. ಈ ಪುಟದ ಮುಂದೆ ಚರ್ಚಾಸ್ಪರ್ಧೆಯ ಎರಡೂ ತಂಡ ಸುಮ್ಮನಾಗುತ್ತವೆ.

ಇದೇ ಪುಸ್ತಕವನ್ನು 1972ರಲ್ಲಿ ಅಮೆರಿಕದ ಓಹಾಯೊದ ಸ್ಟ್ರಾಂಗ್ಸ್‌ವಿಲ್ ಎಂಬ ಊರಿನ ಶಾಲಾ ಮಂಡಳಿ ಗ್ರಂಥಾಲಯದಿಂದ ತೆಗೆಸಿತ್ತು. ಮಕ್ಕಳೇ ಕೋರ್ಟಿಗೆ ಹೋದರು. 1976ರಲ್ಲಿ ಮೇಲ್ಮನವಿ ನ್ಯಾಯಾಲಯ, ಇಷ್ಟವಿಲ್ಲ ಅಂತ ಪುಸ್ತಕ ತೆಗೆಯುವ ಹಾಗಿಲ್ಲ ಅಂದಿತು. ಇನ್ನೊಂದು ಕಡೆ, ಷಿಕಾಗೊ ವಿಶ್ವವಿದ್ಯಾಲಯ ವಾನೆಗಟ್‌ನ ಮಾನವಶಾಸ್ತ್ರದ ಪ್ರಬಂಧವನ್ನು ಹಿಂದೆ ತಿರಸ್ಕರಿಸಿತ್ತು. 1971ರಲ್ಲಿ ಇದೇ ಕಾದಂಬರಿಯನ್ನು ಪ್ರಬಂಧ ಅಂತ ಒಪ್ಪಿ ಎಂ.ಎ. ಕೊಟ್ಟಿತು. ಸ್ಯಾನ್ ಲೊರೆಂಜೊ ಅನ್ನುವ ಇಲ್ಲದ ದ್ವೀಪದ ಸಂಸ್ಕೃತಿಯ ಅಧ್ಯಯನಕ್ಕೆ. ಪಿಎಚ್‌ಡಿ ಮಾಡುತ್ತಿರುವವರಿಗೆ ಈ ಸಂಗತಿ ಹೇಳಬಾರದು, ಆಸೆ ಹುಟ್ಟುತ್ತದೆ.

ಮುಂದಿನ ಸಲ ಇದರ ಜೊತೆ ಇನ್ನೊಂದು ಓದು ಸೇರಿಸಬೇಕು ಅಂತಿದ್ದೇನೆ. ಲ್ಯಾಂಗ್‌ಮ್ಯೂರ್ 1953ರಲ್ಲಿ ಒಂದು ಉಪನ್ಯಾಸ ಕೊಟ್ಟರು. ಪ್ರಾಮಾಣಿಕ ವಿಜ್ಞಾನಿಗಳು ಮೋಸ ಮಾಡುವ ಉದ್ದೇಶವೇ ಇಲ್ಲದೆ ಇಲ್ಲದ್ದನ್ನು ಕಾಣುವುದು ಹೇಗೆ ಅಂತ. ಹೋನಿಕರ್‌ಗೆ ಮಾದರಿಯಾದ ಮನುಷ್ಯನೇ ವಿಜ್ಞಾನಿಗಳ ಮೂರ್ಖತನದ ಮೇಲೆ ಮಾತಾಡಿದ್ದು ಕಾದಂಬರಿಗಿಂತ ಹತ್ತು ವರ್ಷ ಮುಂಚೆ. ಅದಾದ ಮೇಲೆ ಪಾಲಿವಾಟರ್ ಪ್ರಸಂಗವನ್ನು ಓದಿಸಬಹುದು. ಸೋವಿಯತ್ ವಿಜ್ಞಾನಿಗಳು ಸಣ್ಣ ಗಾಜಿನ ನಳಿಗೆಗಳಲ್ಲಿ ಹೊಸ ಥರದ ಮಂದ ನೀರು ಕಂಡೆವು ಅಂದರು. 1969ರಲ್ಲಿ ಒಬ್ಬರು ‘ನೇಚರ್’ ಪತ್ರಿಕೆಗೆ ಪತ್ರ ಬರೆದು, ಇದು ಹೊರಗೆ ಬಿದ್ದರೆ ಭೂಮಿಯ ನೀರೆಲ್ಲ ಹಾಗೇ ಆದೀತು ಅಂತ ಎಚ್ಚರಿಸಿದರು. ಐಸ್-ನೈನ್ ಭಯ ಕಾದಂಬರಿಯಿಂದ ಹೊರಗೆ ನಡೆದುಬಂದ ಹಾಗೆ. ಕೊನೆಗೆ ಅದು ನಳಿಗೆಯಲ್ಲಿ ಸೇರಿದ ಕೊಳೆ ಅಂತ ಗೊತ್ತಾಯಿತು. ಡೆನಿಸ್ ರೂಸೋ ಎಂಬ ವಿಜ್ಞಾನಿ ತಾನು ಹ್ಯಾಂಡ್‌ಬಾಲ್ ಆಡಿ ಬಂದು, ತನ್ನ ಬೆವರನ್ನು ಪರೀಕ್ಷಿಸಿ ನೋಡಿದರು. ಪಾಲಿವಾಟರಿನ ಗುಣವೂ ಬೆವರಿನ ಗುಣವೂ ಹೆಚ್ಚು ಕಡಿಮೆ ಒಂದೇ.

ಪಠ್ಯಕ್ರಮ ಸಮಿತಿ ಒಪ್ಪುತ್ತದೋ ಇಲ್ಲವೋ ಗೊತ್ತಿಲ್ಲ. ‘ಇಂಗ್ಲಿಷ್ ಎಂ.ಎ.ಗೆ ಬೆವರು ಯಾಕೆ ಮೇಡಂ?’ ಅಂತ ಹಿರಿಯರೊಬ್ಬರು ಆಗಲೇ ಕೇಳಿದ್ದಾರೆ. ಉಪನ್ಯಾಸದ ಜೆರಾಕ್ಸ್ ಮಾಡಿಸಿಟ್ಟುಕೊಂಡಿದ್ದೇನೆ. ಒಪ್ಪದಿದ್ದರೆ ಆಂಜೆಲಾಳ ಅಧ್ಯಾಯಗಳು ಮುಗಿದ ಮೇಲೆ ಸಿಲೆಬಸ್ಸಿಗೆ ಹೇಳದೆ ಹಂಚುವುದು.